ಕೆಂಪು ಕವರಿಗಿಂತ ಹಂಚಿನ ದಪ್ಪ ಮುಖ್ಯ

ಏಪ್ರಿಲ್ ಬಿಸಿಲು. ಕಲಬುರಗಿ ರಿಂಗ್ ರೋಡಿನ ಗ್ಯಾರೇಜೊಂದರಲ್ಲಿ ಕೂತಿದ್ದೆ. ಹುಡುಗನೊಬ್ಬ ಬಂದು ಕ್ಯಾಲಿಪರ್, ಅಂದರೆ ಚಕ್ರದ ಹತ್ತಿರ ಬ್ರೇಕ್ ಹಿಡಿಯುವ ಭಾಗದ ಮೇಲೆ ಹಾಕುವ ಕೆಂಪು ಕವರ್ ಕೇಳಿದ. "ಇದು ಹಾಕಿದ್ರ ಬ್ರೇಕ್ ಛಲೋ ಹಿಡಿತದೇನ್ರಿ?" ಮಿಸ್ತ್ರಿ ತಲೆ ಎತ್ತಲಿಲ್ಲ. "ಗಾಳಿ ಆಡಲ್ಲ, ಇನ್ನಾ ಕಾಯ್ತದ ನೋಡು ತಮ್ಮಾ."

ಬ್ರೇಕಿನ ಕೆಲಸವೇ ಬಿಸಿಯ ಜೊತೆ ಗುದ್ದಾಟ. 1,200 ಕೆ.ಜಿ. ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 4,60,000 ಜೂಲ್ ಶಕ್ತಿ ಇರುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಮೂರ್ನಾಲ್ಕು ಸೆಕೆಂಡಿನಲ್ಲಿ ಅದರ ಬಹುಪಾಲು ಬಿಸಿಯಾಗಿ, ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಗಳಿಗೆ, ಅಂದರೆ ಡಿಸ್ಕುಗಳಿಗೆ ಇಳಿಯುತ್ತದೆ. ನಮ್ಮ ಬೇಸಿಗೆಯ ಟ್ಯಾಂಕಿನ ನೀರು ಹೆಚ್ಚುಕಡಿಮೆ ಎರಡು ಲೀಟರ್ ಕುದಿಯಲು ಅಷ್ಟು ಸಾಕು. ವೇಗ ದುಪ್ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಆ ಒತ್ತಡವನ್ನು ಕ್ಯಾಲಿಪರ್‌ಗೆ ಮುಟ್ಟಿಸುತ್ತದೆ. ಒಳಗಿನ ಪಿಸ್ಟನ್ ತಳ್ಳಿದಾಗ ಪ್ಯಾಡುಗಳು ಡಿಸ್ಕನ್ನು ಎರಡೂ ಕಡೆಯಿಂದ ಅದುಮುತ್ತವೆ. ಮನೆಯ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಪಿಸ್ಟನ್. ಸ್ಪೋರ್ಟ್ಸ್ ಕಾರುಗಳಲ್ಲಿ ನಾಲ್ಕು, ಆರು.

ಡಿಸ್ಕನ್ನು ಜೋಳದ ರೊಟ್ಟಿಯ ಹಂಚು ಅಂದುಕೊಳ್ಳಿ. ತೆಳು ಹಂಚು ತಟ್ಟನೆ ಕಾದು ರೊಟ್ಟಿ ಸೀಯುತ್ತದೆ. ದಪ್ಪ ಹಂಚು ಅದೇ ಉರಿಗೆ ನಿಧಾನ ಕಾಯುತ್ತದೆ. ವೇಗದ ಕಾರಿಗೆ ಅಗಲವಾದ, ದಪ್ಪ ಡಿಸ್ಕ್ ಹಾಕುವುದು ಇದಕ್ಕೇ. ಅದು ಒಳಗೆ ಟೊಳ್ಳು ಬೇರೆ. ಎರಡು ತಟ್ಟೆಗಳ ನಡುವೆ ಸಣ್ಣ ರೆಕ್ಕೆಗಳಿರುತ್ತವೆ. ತಿರುಗುವಾಗ ಅವು ಮಧ್ಯದಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ಎಸೆಯುತ್ತವೆ. ಡಿಸ್ಕಿನ ಮೈತುಂಬಾ ತೂತು ಕೊರೆದರೆ ನೋಡೋಕೆ ಚಂದ, ಆದರೆ ಬಿರುಕು ಶುರುವಾಗುವುದೂ ಅಲ್ಲಿಂದಲೇ.

ಪ್ಯಾಡ್ ಮಿತಿಮೀರಿ ಕಾದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಹಿಡಿತ ಮಾತ್ರ ಇರಲ್ಲ. ಆಯಿಲ್ ಕುದಿದರೆ ಇನ್ನೂ ಕಷ್ಟ. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆವಿ ಕುಗ್ಗುತ್ತದೆ. ಮಹಾಬಳೇಶ್ವರದ ಘಾಟಿ ಇಳಿಯುವಾಗ ನನ್ನ ಹಳೇ ಕಾರಿನ ಪೆಡಲ್ ಒಮ್ಮೆ ಹೀಗೇ ಮೆತ್ತಗಾಗಿ ಒಳಗೆ ಹೋಯಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಆಯಿಲ್ ಬದಲಿಸಿ ನಾಲ್ಕು ವರ್ಷವಾಗಿತ್ತು, ತಪ್ಪು ನನ್ನದೇ. ಮಳೆಗಾಲದ ಉಪ್ಪಿನ ಹಾಗೆ ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಆಯಿಲ್‌ಗೆ ಆ ಮಿತಿ 155ಕ್ಕೆ ಇಳಿಯುತ್ತದೆ.

ದೊಡ್ಡ ಬ್ರೇಕ್ ಹಾಕಿದರೆ ಕಾರು ಬೇಗ ನಿಲ್ಲುತ್ತೆ ಅನ್ನೋದು ಅರ್ಧ ಸತ್ಯ. ಮೊದಲ ಸಲ ಎಷ್ಟು ದೂರದಲ್ಲಿ ನಿಲ್ಲಬೇಕು ಅನ್ನೋದನ್ನು ತೀರ್ಮಾನಿಸುವುದು ಟೈರು. ಒಳ್ಳೆಯ ಬ್ರೇಕಿನ ಗುಣ ಕಾಣುವುದು ಒಂದರ ಹಿಂದೊಂದು ಒತ್ತಿ ಬ್ರೇಕ್ ಕಾದ ಮೇಲೆ, ಹತ್ತನೇ ಸಲ. ಹಗಲು ರಾತ್ರಿ ಮತ್ತೆ ಮತ್ತೆ ಬ್ರೇಕ್ ಒತ್ತಬೇಕಾದ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸನ್ನು 1953ರಲ್ಲಿ ಜಾಗ್ವಾರ್ ಗೆದ್ದದ್ದು ಡಿಸ್ಕ್ ಬ್ರೇಕ್ ಕಾರಿನಲ್ಲಿ.

ಮಿಸ್ತ್ರಿ ಹುಡುಗನ ಕಾರಿನ ಬಾನೆಟ್ ಎತ್ತಿ ಆಯಿಲ್ ಡಬ್ಬಿ ತೋರಿಸಿದರು. ಒಳಗಿದ್ದದ್ದು ಕಡಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ಹುಡುಗ ಆಯಿಲ್ ಬದಲಿಸಿಕೊಂಡ. ಕೆಂಪು ಕವರನ್ನೂ ಬಿಡಲಿಲ್ಲ.