ಹಳೆಯ ಟ್ರ್ಯಾಕ್ಟರಿನ ವೈರು ಕಿತ್ತೆಸೆಯುವ ಮುನ್ನ

ಹಳೆಯ ಟ್ರ್ಯಾಕ್ಟರನ್ನು ಮೊದಲಿನಂತೆ ಮಾಡಲು ಹೊರಟವರು ಎಂಜಿನ್ನಿನ ಒಂದೊಂದು ಬೋಲ್ಟನ್ನೂ ಜೋಪಾನ ಮಾಡುತ್ತಾರೆ, ಪೇಂಟಿನ ಬಣ್ಣಕ್ಕಾಗಿ ಊರೂರು ಅಲೆಯುತ್ತಾರೆ. ವೈರಿಂಗ್ ವಿಷಯಕ್ಕೆ ಬಂದರೆ ಮಾತ್ರ ಕಟ್ಟರ್ ಹಿಡಿದು ಎಲ್ಲವನ್ನೂ ಕತ್ತರಿಸಿ ಗುಜರಿಗೆ ಹಾಕಿಬಿಡುತ್ತಾರೆ. ಇಲಿ ಕಡಿದ, ಅಲ್ಲಲ್ಲಿ ಸುಟ್ಟ, ಟೇಪಿನ ಮೇಲೆ ಟೇಪು ಸುತ್ತಿದ ಆ ಗೊಂಚಲು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಟ್ರ್ಯಾಕ್ಟರು ಕಾರ್ಖಾನೆ ಬಿಟ್ಟಾಗ ಅದಕ್ಕೆ ದೀಪಗಳಿದ್ದವೇ, ಎಷ್ಟು ವೋಲ್ಟಿನವು, ಯಾವ ಭಾಗ ಆಮೇಲೆ ಸೇರಿತು ಎಂಬುದಕ್ಕೆಲ್ಲ ಸಾಕ್ಷಿ ಉಳಿದಿರುವುದು ಆ ಕೊಳಕು ಗೊಂಚಲಿನಲ್ಲೇ.

ಫರ್ಗುಸನ್ ಟಿಇ-20 ಟ್ರ್ಯಾಕ್ಟರನ್ನೇ ತೆಗೆದುಕೊಳ್ಳಿ. ಹ್ಯಾರಿ ಫರ್ಗುಸನ್ನನ ಈ ಪುಟ್ಟ ಬೂದು ಟ್ರ್ಯಾಕ್ಟರು ಇಂಗ್ಲೆಂಡಿನ ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ 1946ರಿಂದ 1956ರವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ಅದರ ವಿದ್ಯುತ್ ಭಾಗಗಳು ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿಯವು. ಹೆಡ್‌ಲೈಟ್ ಎಲ್ಲ ಟ್ರ್ಯಾಕ್ಟರಿಗೂ ಇರುತ್ತಿರಲಿಲ್ಲ, ಬೇಕಾದವರು ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಿದ್ದರು. ಆದ್ದರಿಂದ ದೀಪವಿಲ್ಲದ ಫರ್ಗುಸನ್ ಕಂಡರೆ ಏನೋ ಕಳೆದುಹೋಗಿದೆ ಎಂದುಕೊಳ್ಳಬೇಕಿಲ್ಲ. ದೀಪ ಇದ್ದರೆ ಅದನ್ನು ಕೂರಿಸಿದ ತೂತು ನೋಡಿ. ತೂತಿನ ಒಳಅಂಚಿಗೂ ಹಳೆಯ ಬೂದು ಪೇಂಟು ಹತ್ತಿದ್ದರೆ ಅದು ಪೇಂಟಿಗೆ ಮೊದಲೇ ಕೊರೆದ ತೂತು. ಅಂಚು ತರಚಿಕೊಂಡು, ಬರೀ ಕಬ್ಬಿಣ ತುಕ್ಕು ಹಿಡಿದಿದ್ದರೆ ಯಾರೋ ಆಮೇಲೆ ಡ್ರಿಲ್ ಹಾಕಿದ್ದಾರೆ. ಡ್ಯಾಶ್‌ಬೋರ್ಡಿನಲ್ಲಿ ಸ್ಟಾರ್ಟರ್ ಬಟನ್ ಇದ್ದರೆ ಅದೂ ಆಮೇಲಿನದೇ. ಈ ಟ್ರ್ಯಾಕ್ಟರನ್ನು ಗೇರ್ ಲಿವರಿನಿಂದಲೇ ಸ್ಟಾರ್ಟ್ ಮಾಡಬೇಕು. ಲಿವರನ್ನು ‘ಎಸ್’ ಗುರುತಿಗೆ ತಳ್ಳಿದಾಗ ಮಾತ್ರ ಸ್ಟಾರ್ಟರ್ ತಿರುಗುತ್ತದೆ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗಿ ಮುಂದೆ ನುಗ್ಗುವ ಅಪಾಯವೇ ಇಲ್ಲ. ಎಷ್ಟು ಒಳ್ಳೆಯ ಉಪಾಯ! ಅದನ್ನು ತಪ್ಪಿಸಿ ಬಟನ್ ಕೂರಿಸಿದ್ದನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಇನ್ನು ವೈರು. ಒಂದು ತುಂಡನ್ನು ಕತ್ತರಿಸಿ ಭೂತಗನ್ನಡಿ ಹಿಡಿದು ನೋಡಿ. ಆ ಕಾಲದ ವೈರಿಗೆ ಹೊರಗೆ ಮೇಣ ಅಥವಾ ಮೆರುಗೆಣ್ಣೆ ಹೊಡೆದ ಹತ್ತಿನೂಲಿನ ಹೆಣಿಗೆ, ಅದರೊಳಗೆ ರಬ್ಬರು, ನಡುವೆ ತಾಮ್ರದ ಎಳೆಗಳು. ಈ ಎಳೆಗಳು ತಾಮ್ರದ ಬಣ್ಣಕ್ಕಿಲ್ಲದೆ ಬೆಳ್ಳಗೆ ಕಾಣಬಹುದು. ಅಲ್ಯೂಮಿನಿಯಂ ಎಂದು ಎಸೆಯಬೇಡಿ, ಅದು ತವರ ಲೇಪಿಸಿದ ತಾಮ್ರ. ರಬ್ಬರನ್ನು ಗಟ್ಟಿಗೊಳಿಸಲು ಗಂಧಕ ಬೆರೆಸುತ್ತಾರೆ, ಗಂಧಕ ತಾಮ್ರಕ್ಕೆ ತಾಗಿದರೆ ಅದನ್ನು ಕಪ್ಪಾಗಿಸಿ ತಿನ್ನುತ್ತದೆ. ಎರಡೂ ಒಂದಕ್ಕೊಂದು ತಾಗದಿರಲಿ ಎಂದು ನಡುವೆ ತವರ. ಪಿವಿಸಿ ಹೊದಿಕೆ ಬಂದ ಮೇಲೆ ಈ ಲೇಪನದ ಅಗತ್ಯ ಉಳಿಯಲಿಲ್ಲ. ಹೀಗಾಗಿ ಒಂದೇ ಗೊಂಚಲಿನಲ್ಲಿ ಬೆಳ್ಳನೆಯ ಎಳೆಯ ವೈರಿನ ಪಕ್ಕ ಪ್ಲಾಸ್ಟಿಕ್ ಹೊದಿಕೆಯ ಕೆಂಪು ತಾಮ್ರದ ವೈರು ಕಂಡರೆ, ಎರಡನೆಯದು ರಿಪೇರಿ ಕಾಲದ್ದಿರಬೇಕು.

ಎಳೆಗಳನ್ನು ಎಣಿಸಲೂ ಬೇಕು. ಬ್ರಿಟಿಷ್ ವೈರುಗಳಿಗೆ 14/012, 28/012, 44/012 ಎಂಬ ಗುರುತುಗಳಿದ್ದವು. ಮೊದಲನೆಯದು ಎಳೆಗಳ ಸಂಖ್ಯೆ. ಎರಡನೆಯದು ಒಂದೊಂದು ಎಳೆಯ ದಪ್ಪ, ಅಂದರೆ 0.012 ಇಂಚು, ಸುಮಾರು 0.3 ಮಿಲಿಮೀಟರ್. 14 ಎಳೆಯ ವೈರಿನ ತಾಮ್ರ ಒಟ್ಟು ಸುಮಾರು 1 ಚದರ ಮಿಲಿಮೀಟರ್, ಹಿಂದಿನ ದೀಪಕ್ಕೆ ಸಾಕು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದಿಂದ ಬರುವ ವೈರು ಇದಕ್ಕಿಂತ ದಪ್ಪ. ಇದು ಬರೀ ಗುರುತಿನ ಮಾತಲ್ಲ. ಮೊದಮೊದಲ ಫರ್ಗುಸನ್‌ಗಳು 6 ವೋಲ್ಟಿನವು, ಆಮೇಲೆ 12 ವೋಲ್ಟ್ ಬಂತು. 36 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 3 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತದೆ. ಕರೆಂಟು ಎರಡು ಪಟ್ಟಾದರೆ ಅದೇ ವೈರಿನಲ್ಲಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿ ನಾಲ್ಕು ಪಟ್ಟು. 6 ವೋಲ್ಟಿನ ಟ್ರ್ಯಾಕ್ಟರಿಗೆ ಈಗಿನ ತೆಳು ವೈರು ಎಳೆದು ‘ಹಳೆ ಕಾಲದ ಲೈಟು ಇಷ್ಟೇ ಮಂಕು’ ಎಂದು ದೂರುವುದು ಆ ಗಾಡಿಗೆ ಮಾಡುವ ಅನ್ಯಾಯ.

ಬಣ್ಣ ಗುರುತಿಸುವುದು ಕಷ್ಟ. ಬಿಸಿಲು, ಗ್ರೀಸು ಸೇರಿ ಎಲ್ಲ ವೈರೂ ಒಂದೇ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕ್ಲಿಪ್ಪಿನ ಕೆಳಗೆ, ಟೇಪಿನ ಒಳಗೆ, ಬೆಳಕು ಬೀಳದ ಜಾಗದಲ್ಲಿ ಒಂದು ಅಂಗುಲ ಬಿಚ್ಚಿ ನೋಡಿದರೆ ನೂಲಿನ ನಿಜವಾದ ಬಣ್ಣ ಸಿಗುತ್ತದೆ. ಲೂಕಾಸ್ ಪದ್ಧತಿಯಲ್ಲಿ ಕಂದು ಬಣ್ಣ ಬ್ಯಾಟರಿಯಿಂದ ನೇರ ಬರುವ ವೈರಿಗೆ, ಬಿಳಿ ಇಗ್ನಿಷನ್ನಿಗೆ, ನೀಲಿ ಹೆಡ್‌ಲೈಟಿಗೆ, ಕೆಂಪು ಸೈಡ್ ಮತ್ತು ಹಿಂದಿನ ದೀಪಕ್ಕೆ, ಕಪ್ಪು ಗಾಡಿಯ ಲೋಹದ ಮೈಗೆ (ಅರ್ಥಿಂಗ್). ಮನೆ ವೈರಿಂಗ್ ಮಾಡಿ ರೂಢಿಯಾದವರು ಕೆಂಪು ಕಂಡರೆ ಫೇಸ್ ಎನ್ನುತ್ತಾರೆ; ಇಲ್ಲಿ ಆ ಲೆಕ್ಕ ಹಾಕಿದರೆ ಎಲ್ಲ ತಲೆಕೆಳಗು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಗಾಡಿಯ ಮೈಗೆ ಸೇರುತ್ತಿತ್ತು, ಮೈನಸ್ ಅಲ್ಲ. ಈಗಿನ ರೂಢಿಯಂತೆ ಮೈನಸ್ಸನ್ನು ಮೈಗೆ ಜೋಡಿಸಿದರೆ ಬಲ್ಬುಗಳೇನೋ ಉರಿಯುತ್ತವೆ, ಡೈನಮೋ ಮಾತ್ರ ಒಪ್ಪುವುದಿಲ್ಲ. ಅದರ ಒಳಗಿನ ಕಬ್ಬಿಣದಲ್ಲಿ ಉಳಿದ ಚೂರು ಕಾಂತತ್ವವೇ ಪ್ಲಸ್ ಯಾವುದು, ಮೈನಸ್ ಯಾವುದು ಎಂದು ತೀರ್ಮಾನಿಸುತ್ತದೆ. ಡೈನಮೋದ ವೈರುಗಳನ್ನು ಬಿಚ್ಚಿ, ಬ್ಯಾಟರಿಯಲ್ಲಿ ಗಾಡಿಯ ಮೈಗೆ ಸೇರದ ತುದಿಯಿಂದ ಒಂದು ವೈರು ತಂದು ‘ಎಫ್’ ಟರ್ಮಿನಲ್ಲಿಗೆ ಒಂದು ಕ್ಷಣ ತಾಗಿಸಿದರೆ ಆ ಕಾಂತತ್ವದ ದಿಕ್ಕು ಬದಲಾಗುತ್ತದೆ. ಹೀಗೆ ಯಾರಾದರೂ ಬದಲಾಯಿಸಿದ್ದಾರೋ ಎಂದು ತಿಳಿಯದೆ ಬ್ಯಾಟರಿ ಜೋಡಿಸಲು ಹೋಗಬೇಡಿ.

ಭಾಗಗಳ ಮೇಲಿನ ಅಚ್ಚು ಎಲ್ಲಕ್ಕಿಂತ ನೇರ ಸಾಕ್ಷಿ. ಲೂಕಾಸ್‌ನವರು ಡೈನಮೋ, ಕಟೌಟ್ (ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಭಾಗ), ಸ್ವಿಚ್ಚುಗಳ ಮೇಲೆ ಭಾಗದ ನಂಬರಿನ ಜೊತೆ ತಿಂಗಳು, ವರ್ಷವನ್ನೂ ಒತ್ತುತ್ತಿದ್ದರು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ; ‘6 50’ ಎಂದಿದ್ದರೆ 1950ರ ಜೂನ್. ಅದು ಟ್ರ್ಯಾಕ್ಟರಿನ ಸೀರಿಯಲ್ ನಂಬರಿನಿಂದ ತಿಳಿಯುವ ತಾರೀಖಿಗಿಂತ ಸ್ವಲ್ಪ ಹಿಂದಿನದಾಗಿರಬೇಕು. ಮುಂದಿನದಾದರೆ ಬದಲಾಯಿಸಿದ ಭಾಗ. ತಂತಿ ಬ್ರಶ್ಶು, ಸ್ಯಾಂಡ್‌ಪೇಪರ್ ಹತ್ತಿರವೂ ಸುಳಿಯದಿರಲಿ, ಅಚ್ಚು ಅಳಿಸಿಹೋಗುತ್ತದೆ.

ದೀಪದ ಮೇಲೆ ಲೂಕಾಸ್ ಹೆಸರಿದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು. ಹಳೆಯ ಬ್ರಿಟಿಷ್ ಟ್ರ್ಯಾಕ್ಟರುಗಳಿಗೆ ಇವತ್ತು ಸಿಗುವ ಹೊಸ ದೀಪಗಳಲ್ಲಿ ಎಷ್ಟೋ ನಮ್ಮ ದೇಶದಲ್ಲೇ ತಯಾರಾದವು. ಆದರೆ ನಮ್ಮಲ್ಲಿ ಹುಟ್ಟಿದ ಟ್ರ್ಯಾಕ್ಟರಿನ ಲೆಕ್ಕವೇ ಬೇರೆ. ಚೆನ್ನೈನ ಟಾಫೆ 1960ರ ದಶಕದಿಂದ ಮ್ಯಾಸಿ ಫರ್ಗುಸನ್ ತಯಾರಿಸುತ್ತಿದೆ, ಅದೇ ಊರಿನ ಲೂಕಾಸ್-ಟಿವಿಎಸ್ ಕೂಡ ಆ ದಶಕದ ಆರಂಭದ್ದು. ಕರ್ನಾಟಕದ ಹೊಲದಲ್ಲಿ ದುಡಿದ ಹಳೆಯ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರಿನ ಮೇಲೆ ಲೂಕಾಸ್-ಟಿವಿಎಸ್ ಅಚ್ಚು ಕಂಡರೆ ಅದನ್ನು ಕಿತ್ತು ಇಂಗ್ಲೆಂಡಿನ ಭಾಗ ತರಿಸುವುದು ಶುದ್ಧ ತಪ್ಪು. ಆ ಗಾಡಿಗೆ ಅಸಲಿ ಅದೇ ಇರಬಹುದು.

ಹಾಗಂತ ಹಳೆಯ ವೈರನ್ನೇ ಮತ್ತೆ ಓಡಿಸಿ ಎಂದು ನಾನು ಹೇಳುವುದಿಲ್ಲ. ಒಣಗಿ ಬಿರಿದ ರಬ್ಬರು ಬೆಂಕಿಗೆ ದಾರಿ. ಹೊದಿಕೆಯೊಳಗೆ ಕಿಲುಬು ಎಷ್ಟು ದೂರ ಹರಡಿದೆ ಎಂಬುದು ಮಲ್ಟಿಮೀಟರಿನ ‘ಬೀಪ್’ ಸದ್ದಿಗೆ ಗೊತ್ತಾಗುವುದೂ ಇಲ್ಲ. ಒಂದು ಮೀಟರ್ ಉದ್ದಕ್ಕೆ ಒಂದೇ ಎಳೆ ಗಟ್ಟಿ ಉಳಿದಿದ್ದರೂ ಅದರ ರೋಧ ಸುಮಾರು 0.24 ಓಮ್, ಮೀಟರು ಬೀಪ್ ಎನ್ನುತ್ತದೆ. ಎರಡು ಹೆಡ್‌ಲೈಟಿನ 6 ಆಂಪಿಯರ್ ಅದರಲ್ಲಿ ಹರಿದಾಗ ಮಾತ್ರ 1.4 ವೋಲ್ಟ್ ದಾರಿಯಲ್ಲೇ ಸೋರಿಹೋಗಿ, 12 ವೋಲ್ಟಿನ ಬಲ್ಬಿನ ಬೆಳಕು ಮೂರರಲ್ಲೊಂದು ಭಾಗ ಕುಸಿಯುತ್ತದೆ. ಆದ್ದರಿಂದ ದೀಪ ಉರಿಯುತ್ತಿರುವಾಗಲೇ ವೈರಿನ ಎರಡು ತುದಿಗಳ ನಡುವೆ ವೋಲ್ಟ್ ಅಳೆಯಬೇಕು.

ಹೊಸ ಗೊಂಚಲಿಗೆ ಒಳಗೆ ಪಿವಿಸಿ, ಹೊರಗೆ ಹತ್ತಿನೂಲಿನ ಹೆಣಿಗೆ ಇರುವ ವೈರು ಸಿಗುತ್ತದೆ. ಅಸಲಿಯ ಬಣ್ಣ, ಅಸಲಿಯ ದಪ್ಪ ನೋಡಿ ಅದನ್ನೇ ಹಾಕಿಸಿ. ಫ್ಯೂಸ್ ಕೊಳ್ಳುವಾಗ ಹುಷಾರು: ಹಳೆಯ ಲೂಕಾಸ್ ಫ್ಯೂಸಿನ ಮೇಲಿನ ‘35’ ಅದು ಸುಟ್ಟುಹೋಗುವ ಆಂಪಿಯರ್, ಸದಾ ಹೊರುವುದು ಅದರ ಅರ್ಧದಷ್ಟು ಮಾತ್ರ. ಸದಾ 35 ಆಂಪಿಯರ್ ಹೊರುವ ಫ್ಯೂಸನ್ನು ಅದರ ಜಾಗಕ್ಕೆ ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ. ಬಿಚ್ಚಿದ ಹಳೆಯ ಗೊಂಚಲನ್ನು ಹಲಗೆಯ ಮೇಲೆ ಟ್ರ್ಯಾಕ್ಟರಿನಲ್ಲಿದ್ದ ಆಕಾರದಲ್ಲೇ ಹರಡಿ, ಪ್ರತಿ ಕವಲಿಗೂ ಚೀಟಿ ಕಟ್ಟಿ, ಉದ್ದ ಅಳೆದು, ಫೋಟೊ ತೆಗೆದಿಡಿ. ಹೊಸದನ್ನು ಕಟ್ಟುವವರಿಗೆ ಅದೇ ಅಳತೆಗೋಲು.