ಜಪಾನ್–ಅಮೆರಿಕ ಮೈತ್ರಿ: ಕಾರ್ಯತಂತ್ರದ ದಾಖಲೆಯಲ್ಲಿ ಓದಬೇಕಾದದ್ದು ಏನು?

ಜಪಾನ್ ಮತ್ತು ಅಮೆರಿಕದ ಮೈತ್ರಿ ನಿಂತಿರುವುದು 1960ರ ಭದ್ರತಾ ಒಪ್ಪಂದದ ಮೇಲೆ. ಜಪಾನಿನ ಆಡಳಿತದಲ್ಲಿರುವ ಪ್ರದೇಶದ ಮೇಲೆ ದಾಳಿಯಾದರೆ ಇಬ್ಬರೂ ಸೇರಿ ಎದುರಿಸಬೇಕು ಎನ್ನುತ್ತದೆ 5ನೇ ವಿಧಿ. ಅಮೆರಿಕದ ಪಡೆಗಳಿಗೆ ಜಪಾನಿನಲ್ಲಿ ನೆಲೆ ಒದಗಿಸುವುದು 6ನೇ ವಿಧಿ. ಈ ಮಾತುಗಳು ಇಂದಿಗೂ ಹಾಗೇ ಇವೆ. ಮೈತ್ರಿಯ ಸ್ವರೂಪ ಮಾತ್ರ ಬಹಳ ಬದಲಾಗಿದೆ. ಅದನ್ನು ಬದಲಿಸಿದ್ದು ಎರಡೂ ದೇಶಗಳ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರಗಳು, ಅಂದರೆ ದೇಶದ ಮುಂದಿರುವ ಅಪಾಯಗಳೇನು, ಅವನ್ನು ಎದುರಿಸುವುದು ಹೇಗೆ ಎಂದು ಸರ್ಕಾರ ಬರೆದಿಡುವ ದಾಖಲೆಗಳು.

ಅಮೆರಿಕದ ಅಧ್ಯಕ್ಷರು ಇಂಥ ದಾಖಲೆಯನ್ನು ಕಾಂಗ್ರೆಸ್‌ಗೆ ಸಲ್ಲಿಸಬೇಕೆಂಬ ಕಾನೂನು ಬಂದದ್ದು 1986ರಲ್ಲಿ. ಜಪಾನ್ ತನ್ನ ಮೊದಲ ಕಾರ್ಯತಂತ್ರವನ್ನು ಹೊರತಂದದ್ದು 2013ರ ಡಿಸೆಂಬರ್‌ನಲ್ಲಿ. 2022ರ ಅಕ್ಟೋಬರ್‌ನಲ್ಲಿ ಬೈಡನ್ ಸರ್ಕಾರದ ದಾಖಲೆ ಬಂತು, ಡಿಸೆಂಬರ್‌ನಲ್ಲಿ ಜಪಾನಿನ ಎರಡನೆಯದು. ಚೀನಾವನ್ನು ಎರಡೂ ಹೆಚ್ಚುಕಡಿಮೆ ಒಂದೇ ಕಣ್ಣಿನಿಂದ ನೋಡಿದ್ದವು. 2023ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ವಿದೇಶಾಂಗ ಮತ್ತು ರಕ್ಷಣಾ ಸಚಿವರ ಸಭೆ ಈ ಹೊಂದಾಣಿಕೆಯನ್ನು ಬಹಿರಂಗವಾಗಿ ದಾಖಲಿಸಿತು.

ಜಪಾನಿನ 2022ರ ದಾಖಲೆಯಲ್ಲಿ ನಿಜಕ್ಕೂ ಹೊಸದಾಗಿದ್ದದ್ದು ಪ್ರತಿದಾಳಿ ಸಾಮರ್ಥ್ಯ, ಅಂದರೆ ದಾಳಿ ಮಾಡಿದವರ ನೆಲದ ಮೇಲೆಯೇ ತಿರುಗಿ ಹೊಡೆಯುವ ಶಕ್ತಿ. ಅಲ್ಲಿಯವರೆಗೆ ಜಪಾನ್ ಗುರಾಣಿ, ಅಮೆರಿಕ ಈಟಿ ಎಂಬುದು ರೂಢಿಯ ಹಂಚಿಕೆ. ಈಗ ಜಪಾನ್ ಅಮೆರಿಕದಿಂದ 400 ಟೊಮಾಹಾಕ್ ಕ್ಷಿಪಣಿಗಳನ್ನು ಕೊಳ್ಳುತ್ತಿದೆ. ಅವು ಸುಮಾರು 1,600 ಕಿ.ಮೀ. ದೂರ ಹೋಗಬಲ್ಲವು. ಇದರಿಂದ ಜಪಾನ್ ಅಮೆರಿಕದಿಂದ ದೂರ ಸರಿಯುತ್ತದೆ ಎಂದುಕೊಳ್ಳುವವರಿದ್ದಾರೆ. ಆಗುವುದು ಅದಕ್ಕೆ ತಿರುಗಾಮುರುಗ. ಅಷ್ಟು ದೂರದ ಗುರಿಯನ್ನು ಪತ್ತೆಹಚ್ಚಬೇಕು, ಅದು ಜಾಗ ಬದಲಿಸಿದರೆ ಹಿಂಬಾಲಿಸಬೇಕು, ಹೊಡೆತ ತಾಗಿತೇ ಎಂದು ಖಚಿತಪಡಿಸಿಕೊಳ್ಳಬೇಕು. ಇದಕ್ಕೆಲ್ಲ ಬೇಕಾದ ಉಪಗ್ರಹ ಮತ್ತು ಗುಪ್ತಚರ ಮಾಹಿತಿಯಲ್ಲಿ ಬಹುಪಾಲು ಅಮೆರಿಕದ ಕೈಯಲ್ಲಿದೆ. ಕ್ಷಿಪಣಿ ಸ್ವಂತದ್ದಾದಷ್ಟೂ ಅವಲಂಬನೆ ಹೆಚ್ಚುತ್ತದೆ.

ಹಾಗಾದರೆ ಗುರಿ ಆರಿಸುವವರು ಯಾರು? ದಾಖಲೆ ಓದುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂಬುದು ನನ್ನ ಅಭಿಪ್ರಾಯ. ದಕ್ಷಿಣ ಕೊರಿಯಾದಲ್ಲಿ 1978ರಿಂದಲೂ ಅಲ್ಲಿನ ಮತ್ತು ಅಮೆರಿಕದ ಸೇನೆಗಳೆರಡಕ್ಕೂ ಒಂದು ಸಂಯುಕ್ತ ಕಮಾಂಡ್ ಇದೆ. ಜಪಾನಿನಲ್ಲಿ ಇಲ್ಲ, ಇಬ್ಬರ ಆದೇಶಗಳೂ ಬೇರೆ ಬೇರೆ ಸಾಲಿನಲ್ಲಿ ಇಳಿದು ಬರುತ್ತವೆ. ಮೂರೂ ಪಡೆಗಳನ್ನು ಒಬ್ಬರ ಕೈಕೆಳಗೆ ತರುವ ಜಂಟಿ ಕಾರ್ಯಾಚರಣೆ ಕಮಾಂಡನ್ನು ಜಪಾನ್ ಸ್ಥಾಪಿಸಿದ್ದೇ 2025ರ ಮಾರ್ಚ್‌ನಲ್ಲಿ. ಅಮೆರಿಕದ ಕಡೆಯಲ್ಲಿ ಪಡೆಗಳಿಗೆ ಯುದ್ಧಾದೇಶ ಕೊಡುವ ಅಧಿಕಾರ ಇದ್ದದ್ದು ಜಪಾನಿನಲ್ಲಿರುವ ಅದರ ಪಡೆಗಳ ಕೇಂದ್ರ ಕಚೇರಿಯಾದ ಯೊಕೊಟಾ ನೆಲೆಯಲ್ಲಲ್ಲ, 19 ಗಂಟೆ ಸಮಯ ವ್ಯತ್ಯಾಸವಿರುವ ಹವಾಯಿಯಲ್ಲಿ. ಯೊಕೊಟಾದ ಕಚೇರಿಯನ್ನು ಜಂಟಿ ಪಡೆಯ ಕೇಂದ್ರವಾಗಿ ಮೇಲ್ದರ್ಜೆಗೇರಿಸುವುದಾಗಿ 2024ರ ಜುಲೈನಲ್ಲಿ ಅಮೆರಿಕ ಘೋಷಿಸಿತು. ಆ ಬದಲಾವಣೆ ಪೂರ್ಣವಾಗದಿದ್ದರೆ ಬಿಕ್ಕಟ್ಟಿನ ಮೊದಲ ಗಂಟೆಗಳು ಫೋನಿನಲ್ಲೇ ಕಳೆದುಹೋಗುವ ಅಪಾಯವಿದೆ.

ಇನ್ನು ಹಣ. 2023ರಿಂದ 2027ರವರೆಗಿನ ಐದು ಹಣಕಾಸು ವರ್ಷಗಳಿಗೆ ಜಪಾನ್ ಸುಮಾರು 43 ಲಕ್ಷ ಕೋಟಿ ಯೆನ್ ಗೊತ್ತುಮಾಡಿತು. ಯೋಜನೆಯ ಬಹುಪಾಲು ವರ್ಷಗಳಿಗೆ ಡಾಲರ್‌ಗೆ 108 ಯೆನ್ ಎಂದು ಲೆಕ್ಕ ಹಾಕಿದ್ದರು. 2024ರಲ್ಲಿ ಡಾಲರ್ 160 ಯೆನ್ ದಾಟಿತು. ಡಾಲರಿನಲ್ಲಿ ಕೊಳ್ಳುವ ವಿಮಾನ, ಕ್ಷಿಪಣಿಗಳ ಬೆಲೆ ಏರಿತು, ಮೊತ್ತ ಮಾತ್ರ ಅಷ್ಟೇ ಉಳಿಯಿತು. ಇಂಥ ಹೊತ್ತಿನಲ್ಲಿ ಮೊದಲು ಕತ್ತರಿ ಬೀಳುವುದು ಬಿಡಿಭಾಗ, ಮದ್ದುಗುಂಡು, ದುರಸ್ತಿಗಳಿಗೆ. ಜನಬಲವೂ ಸಾಲದು: ಮಂಜೂರಾದ ಸುಮಾರು 2,47,000 ಸೈನಿಕ ಹುದ್ದೆಗಳಲ್ಲಿ ಹತ್ತನೇ ಒಂದು ಭಾಗ 2024ರ ವೇಳೆಗೆ ಖಾಲಿಯಿತ್ತು.

ಆದ್ದರಿಂದ ಎರಡು ರಾಜಧಾನಿಗಳಿಂದ ಹೊಸ ಕಾರ್ಯತಂತ್ರ ಹೊರಬಿದ್ದಾಗ ಪೀಠಿಕೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಅದರ ಬೆನ್ನಿಗೇ ಬರುವ ಖರೀದಿ ಯೋಜನೆ ತೆರೆಯಿರಿ, ವಿನಿಮಯ ದರ ಎಷ್ಟು ಹಿಡಿದಿದ್ದಾರೆ ನೋಡಿ. ಅಮೆರಿಕದ ನೆಲೆಗಳ ಖರ್ಚಿಗೆ ಜಪಾನ್ ವರ್ಷಕ್ಕೆ ಸರಾಸರಿ ಸುಮಾರು 21,100 ಕೋಟಿ ಯೆನ್ ಕೊಡುವ ವಿಶೇಷ ಒಪ್ಪಂದದ ಅವಧಿ 2027ರ ಮಾರ್ಚ್‌ವರೆಗೆ. ಅದರ ನವೀಕರಣದಲ್ಲಿ ಹೆಚ್ಚುವರಿ ಹಣ ವಿದ್ಯುತ್ ಬಿಲ್ಲು, ನೌಕರರ ಸಂಬಳಕ್ಕೆ ಹೋಗುತ್ತದೋ ಜಂಟಿ ತರಬೇತಿಗೆ ಹೋಗುತ್ತದೋ ಎಂಬುದನ್ನೂ ಗಮನಿಸಿ.