ಐಜಿಬಿಟಿಯ ಗೇಟ್ ಡ್ರೈವರ್ ಸಿಲಿಕಾನ್ ಕಾರ್ಬೈಡಿಗೂ ಸಾಕೇ?

ಪ್ರಶ್ನೆ: ನಮ್ಮ ಇನ್ವರ್ಟರಿನಲ್ಲಿ ಸ್ವಿಚ್ಚುಗಳಾಗಿ ಕೆಲಸ ಮಾಡುವ ಐಜಿಬಿಟಿ ಟ್ರಾನ್ಸಿಸ್ಟರುಗಳನ್ನು ತೆಗೆದು ಅಷ್ಟೇ ವೋಲ್ಟೇಜಿನ ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್‌ಗಳನ್ನು ಹಾಕಬೇಕೆಂದಿದ್ದೇವೆ. ಈಗಿರುವ ಗೇಟ್ ಡ್ರೈವರಿಗೆ (ಸ್ವಿಚ್ಚುಗಳನ್ನು ಆನ್, ಆಫ್ ಮಾಡುವ ಸರ್ಕ್ಯೂಟಿಗೆ) 5,000 ವೋಲ್ಟಿನ ಐಸೊಲೇಶನ್ ಇದೆ. ಅದನ್ನೇ ಉಳಿಸಿಕೊಳ್ಳಬಹುದೇ?

ಉತ್ತರ: ಬಹುತೇಕ ಸಂದರ್ಭಗಳಲ್ಲಿ ಉಳಿಸಿಕೊಳ್ಳಲಾಗದು. ನೀವು ಹೇಳಿದ 5,000 ವೋಲ್ಟು, ನಿಯಂತ್ರಣ ಬದಿಯನ್ನು ಸ್ವಿಚ್ಚಿನ ಬದಿಯಿಂದ ಬೇರ್ಪಡಿಸುವ, ಡ್ರೈವರಿನೊಳಗಿನ ತಡೆಗೋಡೆ ಎಷ್ಟು ಒತ್ತಡವನ್ನು ಒಡೆಯದೆ ತಾಳಬಲ್ಲದೆಂಬುದನ್ನು ತಿಳಿಸುತ್ತದೆಯೇ ಹೊರತು, ಗೋಡೆಯ ಎರಡು ಬದಿಗಳ ನಡುವಿನ ವೋಲ್ಟೇಜು ಹಠಾತ್ತನೆ ಏರಿದಾಗಲೂ ಸಂಕೇತ ಕೆಡದೆ ದಾಟುತ್ತದೆಯೇ ಎಂಬುದನ್ನು ತಿಳಿಸುವುದಿಲ್ಲ.

ಹಾಫ್ ಬ್ರಿಜ್‌ನ, ಅಂದರೆ ಒಂದರ ಕೆಳಗೊಂದು ಜೋಡಿಸಿದ ಎರಡು ಸ್ವಿಚ್ಚುಗಳ, ಮೇಲಿನ ಮಾಸ್ಫೆಟ್‌ನ ಸೋರ್ಸ್ ತುದಿ ಗ್ರೌಂಡಿನಲ್ಲಿ ನೆಲೆನಿಂತಿರುವುದಿಲ್ಲ. ಡಿಸಿ ಬಸ್ (ಇನ್ವರ್ಟರಿಗೆ ಶಕ್ತಿ ಕೊಡುವ ಡಿಸಿ ಲೈನು) 800 ವೋಲ್ಟಿನದಾಗಿದ್ದರೆ ಆ ತುದಿಯೂ ಅದಕ್ಕೆ ಅಂಟಿಕೊಂಡ ಡ್ರೈವರಿನ ಔಟ್‌ಪುಟ್ ಬದಿಯೂ ಪ್ರತಿ ಸ್ವಿಚಿಂಗಿನಲ್ಲಿ 0 ಮತ್ತು 800 ವೋಲ್ಟಿನ ನಡುವೆ ಜಿಗಿಯುತ್ತವೆ. ಐಜಿಬಿಟಿ ಈ ಜಿಗಿತಕ್ಕೆ 100 ನ್ಯಾನೊಸೆಕೆಂಡ್ ತೆಗೆದುಕೊಂಡರೆ ಏರಿಕೆಯ ವೇಗ ನ್ಯಾನೊಸೆಕೆಂಡಿಗೆ 8 ವೋಲ್ಟ್. ಸಿಲಿಕಾನ್ ಕಾರ್ಬೈಡ್ 10 ನ್ಯಾನೊಸೆಕೆಂಡಿನಲ್ಲಿ ಮುಗಿಸಿದರೆ 80 ವೋಲ್ಟ್. ಆಗ ಗೋಡೆಯ ಎರಡು ಬದಿಗಳ ನಡುವೆ ಕೇವಲ 10 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಇದ್ದರೂ ಅದರ ಮೂಲಕ 0.8 ಆಂಪಿಯರ್ ನುಗ್ಗಿ ನಿಯಂತ್ರಣ ಬದಿಯ ಗ್ರೌಂಡನ್ನೇ ಅಲುಗಾಡಿಸುತ್ತದೆ. ಅದರಿಂದ ಸುಳ್ಳು ಸಂಕೇತ ಹುಟ್ಟಿ ಮೇಲಿನ, ಕೆಳಗಿನ ಮಾಸ್ಫೆಟ್‌ಗಳೆರಡೂ ಒಟ್ಟಿಗೆ ಆನ್ ಆದರೆ ಬಸ್ ನೇರವಾಗಿ ಶಾರ್ಟ್ ಆಗುತ್ತದೆ.

ಆದ್ದರಿಂದ ಡೇಟಾಶೀಟಿನಲ್ಲಿ ಮೊದಲು ಹುಡುಕಬೇಕಾದದ್ದು ಕಾಮನ್ ಮೋಡ್ ಟ್ರಾನ್ಸಿಯೆಂಟ್ ಇಮ್ಯೂನಿಟಿಯ, ಅಂದರೆ ಇಂಥ ಹಠಾತ್ ಜಿಗಿತವನ್ನು ಸಂಕೇತ ಕೆಡದೆ ತಾಳುವ ಸಾಮರ್ಥ್ಯದ, ಕನಿಷ್ಠ ಮೌಲ್ಯವನ್ನು. ಮಾದರಿ (ಟಿಪಿಕಲ್) ಮೌಲ್ಯವನ್ನು ನಂಬಬೇಡಿ. ಬೆಳಕಿನ ಮೂಲಕ ಸಂಕೇತ ದಾಟಿಸುವ ಹಳೆಯ ಆಪ್ಟೊಕಪ್ಲರ್ ಡ್ರೈವರ್‌ಗಳಲ್ಲಿ ಇದು ಸಾಮಾನ್ಯವಾಗಿ ನ್ಯಾನೊಸೆಕೆಂಡಿಗೆ 15ರಿಂದ 50 ವೋಲ್ಟಿನಷ್ಟು. ಸಿಲಿಕಾನ್ ಕಾರ್ಬೈಡಿಗೆಂದೇ ಬರುವ, ಸಿಲಿಕಾನ್ ಡೈಆಕ್ಸೈಡಿನ ಕೆಪಾಸಿಟರನ್ನೋ ಚಿಪ್ಪಿನೊಳಗಿನ ಕೋರ್ ಇಲ್ಲದ ಟ್ರಾನ್ಸ್‌ಫಾರ್ಮರನ್ನೋ ಗೋಡೆಯಾಗಿ ಬಳಸುವ ಡ್ರೈವರ್‌ಗಳಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು.

ಇಲ್ಲಿಯೇ ಹಲವರು ಎಡವುತ್ತಾರೆ. ಒಳ್ಳೆಯ ಚಿಪ್ಪನ್ನು ಆರಿಸಿ, ಅದರ ಔಟ್‌ಪುಟ್ ಬದಿಗೆ ಶಕ್ತಿ ಕೊಡುವ ಡಿಸಿ-ಡಿಸಿ ಕನ್ವರ್ಟರನ್ನು ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕಿಬಿಡುತ್ತಾರೆ. ಚಿಪ್ಪಿನ ಗೋಡೆಯ ಕೆಪಾಸಿಟೆನ್ಸ್ ಒಂದೆರಡು ಪಿಕೊಫ್ಯಾರಡ್ ಇದ್ದರೆ, ಸಾಮಾನ್ಯ ಕನ್ವರ್ಟರಿನ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ವೈಂಡಿಂಗುಗಳ ನಡುವೆ ಹತ್ತಾರು ಪಿಕೊಫ್ಯಾರಡ್ ಇರಬಹುದು. ಬಾಗಿಲು ಭದ್ರಪಡಿಸಿ ಕಿಟಕಿಯನ್ನು ತೆರೆದಿಟ್ಟಂತೆ. ಬೋರ್ಡಿನಲ್ಲಿ ಗೋಡೆಯ ಕೆಳಗೆ ತಾಮ್ರದ ಪದರ ಹಾಯ್ದಿದ್ದರೂ ಇದೇ ತೊಂದರೆ.

ಗೇಟಿನ ವೋಲ್ಟೇಜೂ ಬೇರೆ. ಮಾಸ್ಫೆಟ್ ಪೂರ್ತಿ ಆನ್ ಆಗಲು, ಅದರ ತಲೆಮಾರಿಗೆ ತಕ್ಕಂತೆ, 15ರಿಂದ 20 ವೋಲ್ಟ್ ಬೇಕು. ಆಫ್ ಇರುವಾಗ ಮಿಲ್ಲರ್ ಕೆಪಾಸಿಟೆನ್ಸಿನ (ಗೇಟ್ ಮತ್ತು ಡ್ರೈನ್ ತುದಿಗಳ ನಡುವಿನ ಕೆಪಾಸಿಟೆನ್ಸಿನ) ಮೂಲಕ ಬರುವ ವಿದ್ಯುತ್ತು ಗೇಟನ್ನು ಎಬ್ಬಿಸದಂತೆ ಬಹಳಷ್ಟು ವಿನ್ಯಾಸಗಳು ಋಣ 3ರಿಂದ 5 ವೋಲ್ಟನ್ನು ಕೊಡುತ್ತವೆ.

ಶಾರ್ಟ್ ಸರ್ಕ್ಯೂಟಿನ ರಕ್ಷಣೆಯನ್ನು ಕೊನೆಗೆ ಹೇಳುತ್ತಿದ್ದರೂ ಹಳೆಯ ಡ್ರೈವರನ್ನು ಬಿಡಲು ಅದೊಂದೇ ಕಾರಣ ಸಾಕೆಂದು ನನಗನ್ನಿಸುತ್ತದೆ. ಐಜಿಬಿಟಿ ಸುಮಾರು 10 ಮೈಕ್ರೊಸೆಕೆಂಡ್ ತಾಳಿಕೊಳ್ಳುವ ಕಡೆ ಸಿಲಿಕಾನ್ ಕಾರ್ಬೈಡಿಗೆ ಸಿಗುವುದು ಬಹುಪಾಲು 2–3 ಮೈಕ್ರೊಸೆಕೆಂಡ್; ಅಷ್ಟರಲ್ಲಿ ದೋಷವನ್ನು ಗುರುತಿಸಿ, ಲೂಪಿನ ಇಂಡಕ್ಟೆನ್ಸಿನಿಂದ ವೋಲ್ಟೇಜು ಮೀರಿ ಚಿಮ್ಮದಂತೆ ಗೇಟನ್ನು ಮೆಲ್ಲಗೆ ಇಳಿಸಬೇಕು.